ರಾತ್ರಿ ಮಗುವಿಗೆ ಎಷ್ಟು ಬಟ್ಟೆ ಹಾಕಬೇಕು? ಕೈ ತಣ್ಣಗೆ, ತಲೆ ಬೆವರು, ಯಾವುದನ್ನು ನಂಬಲಿ?

ಶಹಾಪುರದ ಮಗಳು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಎರಡು ತಿಂಗಳು ಹತ್ತು ದಿನ. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಬೆಳಗಾವಿ ಶಹಾಪುರಕ್ಕೆ. ಇಲ್ಲಿನ ಮಳೆಗಾಲ ಗೊತ್ತಲ್ವಾ, ಒಮ್ಮೆ ಹಿಡಿದರೆ ಬಿಸಿಲಿಗಾಗಿ ವಾರ ಕಾಯಬೇಕು. ಗೋಡೆ ಮುಟ್ಟಿದರೂ ತಂಪು, ಒಗೆದ ಬಟ್ಟೆ ಮೂರು ದಿನವಾದರೂ ಹಸಿ ಹಸಿ.

ರಾತ್ರಿ ಮಲಗಿಸುವಾಗ ಅವ್ವ ಮಗುವಿಗೆ ಹಾಕುವುದು ಇಷ್ಟು. ಒಳಗೆ ಝಬಲಾ, ಅದರ ಮೇಲೆ ತುಂಬು ತೋಳಿನ ಅಂಗಿ, ಅದರ ಮೇಲೆ ಉಲನ್ ಸ್ವೆಟರ್, ಕಾಲಿಗೆ ಸಾಕ್ಸ್, ಕೈಗೆ ಗವಸು, ತಲೆಗೆ ಕುಂಚಿಗೆ. ಆಮೇಲೆ ಹಳೇ ಧೋತರದಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಕೌದಿ ಹೊದಿಸುತ್ತಾರೆ. ಕಿಟಕಿ ಬಂದ್.

ರಾತ್ರಿ ಒಂದೂವರೆ, ಎರಡಕ್ಕೆ ಮಗು ಎದ್ದು ಅಳುತ್ತದೆ. ಹಾಲು ಕೊಟ್ಟರೂ ಸುಮ್ಮನಾಗುವುದಿಲ್ಲ. ನಿನ್ನೆ ಕುಂಚಿಗೆ ಬಿಚ್ಚಿ ನೋಡಿದರೆ ಕೂದಲು ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಕುತ್ತಿಗೆಯಲ್ಲಿ ಕೆಂಪು ಗುಳ್ಳೆ. ಸ್ವೆಟರ್ ತೆಗೆಯಲು ಹೋದೆ, ಅವ್ವ ಗವಸು ಬಿಚ್ಚಿ ಮಗುವಿನ ಕೈ ನನ್ನ ಕೆನ್ನೆಗೆ ಇಟ್ಟು "ನೋಡು, ಹಿಮದಂಗ ಅದಾವ, ಇನ್ನೊಂದು ಅಂಗಿ ಹಾಕಬೇಕು" ಅಂದರು. ಕೈ ನಿಜವಾಗಿಯೂ ತಣ್ಣಗಿತ್ತು.

ಒಂದೇ ಮಗು, ತಲೆ ಬೆವರುತ್ತದೆ, ಕೈ ತಣ್ಣಗಿರುತ್ತದೆ. ಯಾವುದನ್ನು ನಂಬಬೇಕು? ಅವ್ವನಿಗೆ ನೋವು ಮಾಡುವುದೂ ನನಗೆ ಇಷ್ಟವಿಲ್ಲ. ಆ ಕುಂಚಿಗೆ ನಮ್ಮ ಅಜ್ಜಿ ಖಣದ ತುಂಡು ಜೋಡಿಸಿ ಹೊಲಿದದ್ದು, ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನನಗೂ ಅದನ್ನೇ ಹಾಕಿದ್ದರಂತೆ.

ಜಮಖಂಡಿ ಸೊಸೆ

ನಮ್ಮ ಮನೆಯಲ್ಲೂ ಇದೇ ಕಥೆ ಅಕ್ಕಾ. ನೋಡಲು ಬಂದವರೆಲ್ಲ ಮಗುವಿನ ಪಾದ ಮುಟ್ಟಿ "ತಣ್ಣಗದ" ಅಂತ ಹೇಳಿ ಹೋಗುತ್ತಾರೆ, ಅವರು ಹೋದ ಮೇಲೆ ಮಗುವಿನ ಮೇಲೆ ಒಂದು ಬಟ್ಟೆ ಜಾಸ್ತಿ ಬೀಳುತ್ತದೆ. ಉತ್ತರ ನನಗೂ ಬೇಕು.

ವಾರ್ಡ್ ಸಿಸ್ಟರ್, ಹುಕ್ಕೇರಿ ತಾಲೂಕು

ಹೆರಿಗೆ ವಾರ್ಡಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ತಂಗೀ, ಬೆವರಿದ ತಲೆಯನ್ನು ನಂಬಿ. ಈ ತಿಂಗಳುಗಳಲ್ಲಿ ಮಗುವಿನ ರಕ್ತ ಕೈಕಾಲಿನ ತುದಿಗೆ ಕಡಿಮೆ ಹರಿಯುತ್ತದೆ, ಹೃದಯ, ಮೆದುಳು, ಹೊಟ್ಟೆಗೆ ಜಾಸ್ತಿ. ಮೈ ಕಾದಿದ್ದರೂ ಅಂಗೈ, ಅಂಗಾಲು ತಣ್ಣಗಿರಬಹುದು, ಸ್ವಲ್ಪ ನೀಲಿ ಛಾಯೆಯೂ ಕಾಣಬಹುದು. ತುಟಿ ಮತ್ತು ನಾಲಿಗೆ ಕೆಂಪಗಿದ್ದರೆ ಅದಕ್ಕೆ ಹೆದರಬೇಕಿಲ್ಲ. ತುಟಿ, ನಾಲಿಗೆ ನೀಲಿಯಾದರೆ ಮಾತ್ರ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ.

ಮುಟ್ಟಿ ನೋಡಬೇಕಾದ್ದು ಎದೆ, ಇಲ್ಲವೇ ಕುತ್ತಿಗೆಯ ಹಿಂಭಾಗ. ಅಂಗಿಯ ಒಳಗೆ ಎರಡು ಬೆರಳು ತೂರಿಸಿ. ಹದವಾಗಿ ಬೆಚ್ಚಗೆ, ಒಣಗಿದ್ದರೆ ಸರಿ ಇದೆ. ಬಿಸಿಯಾಗಿ, ಅಂಟಂಟಾಗಿ ಇದ್ದರೆ ಒಂದು ಪದರ ತೆಗೆಯಿರಿ. ಎದೆಯೇ ತಣ್ಣಗಿದ್ದರೆ ಒಂದು ಪದರ ಸೇರಿಸಿ, ಮೈಗೆ ಅಪ್ಪಿಕೊಳ್ಳಿ, ಹಾಲು ಕೊಡಿ. ಅನುಮಾನವಿದ್ದರೆ ಕಂಕುಳಲ್ಲಿ ಥರ್ಮಾಮೀಟರ್ ಇಡಿ, 36.5ರಿಂದ 37.5 ಡಿಗ್ರಿ ಒಳಗಿದ್ದರೆ ಸರಿಯಾದ ಕಾವು.

ಇನ್ನು ನಿಮ್ಮ ಅವ್ವ ಹೇಳುವುದು ಎಲ್ಲಿಂದ ಬಂತು ಅಂತ ಹೇಳುತ್ತೇನೆ, ಏಕೆಂದರೆ ಅದನ್ನು ಹೇಳಿ ಕಳಿಸುವವರು ನಾವೇ. ಹುಟ್ಟಿದ ಮೊದಲ ದಿನಗಳಲ್ಲಿ, ಅದರಲ್ಲೂ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಅಥವಾ ದಿನ ತುಂಬದ ಮಗುವಿಗೆ ಟೋಪಿ, ಸಾಕ್ಸ್ ಬೇಕೇ ಬೇಕು. ಮೈ ಒದ್ದೆಯಾಗಿ ಹುಟ್ಟುವ ಮಗು ಬೇಗ ತಣ್ಣಗಾಗುತ್ತದೆ, ತಲೆ ಮೈಗೆ ಹೋಲಿಸಿದರೆ ದೊಡ್ಡದು, ಅಲ್ಲಿಂದ ಕಾವು ಜಾಸ್ತಿ ಹೋಗುತ್ತದೆ. ಅದಕ್ಕೇ "ಪಾದ ಕೂಡ ಬೆಚ್ಚಗಿರಲಿ" ಎಂದು ವಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತೇವೆ. ಸರ್ಕಾರ ಬಾಣಂತಿಯರಿಗೆ ಕೊಡುತ್ತಿದ್ದ ಮಡಿಲು ಕಿಟ್‌ನಲ್ಲೂ ಸ್ವೆಟರ್, ಟೋಪಿ, ಸಾಕ್ಸ್ ಇರುತ್ತಿದ್ದದ್ದು ಅದಕ್ಕೇ. ಆದರೆ "ಯಾವಾಗ ತೆಗೆಯಬೇಕು" ಅಂತ ಯಾರೂ ಹೇಳುವುದಿಲ್ಲ. ಮೂರನೇ ದಿನದ ಮಾತು ಮೂರನೇ ತಿಂಗಳಿಗೂ ನಡೆಯುತ್ತಲೇ ಇರುತ್ತದೆ.

ದಿನ ತುಂಬಿ ಹುಟ್ಟಿದ, ತೂಕ ಚೆನ್ನಾಗಿ ಏರುತ್ತಿರುವ ಎರಡು ತಿಂಗಳ ಮಗುವಿಗೆ ಮನೆಯೊಳಗೆ ಮಲಗುವಾಗ ಟೋಪಿ ಬೇಡ. ಮೈ ಕಾದಾಗ ಅದು ತಣಿಯುವುದೇ ತಲೆ, ಮುಖದಿಂದ. ಆ ದಾರಿ ಮುಚ್ಚಿಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಮಗು ನಿದ್ದೆಯಲ್ಲೇ ಏಕಾಏಕಿ ತೀರಿಕೊಳ್ಳುವ ಪ್ರಕರಣಗಳಲ್ಲಿ ಅತಿಯಾಗಿ ಹೊದಿಸುವುದು, ಮುಖದ ಮೇಲೆ ಬಟ್ಟೆ ಬರುವುದು, ಬೋರಲು ಮಲಗಿಸುವುದು ಅಪಾಯ ಹೆಚ್ಚಿಸುತ್ತವೆ ಎಂದು ವೈದ್ಯರು ಕಂಡುಕೊಂಡಿದ್ದಾರೆ. ಅದು ಹೆಚ್ಚು ಕಾಣುವುದು ಎರಡರಿಂದ ನಾಲ್ಕು ತಿಂಗಳ ನಡುವೆ. ಅಮೆರಿಕದಲ್ಲಿ 1994ರಿಂದ "ಅಂಗಾತ ಮಲಗಿಸಿ" ಎಂದು ಮನೆಮನೆಗೆ ಹೇಳಲು ಶುರು ಮಾಡಿದ ಮೇಲೆ ಇಂಥ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಹೆದರಿಸಲು ಹೇಳುತ್ತಿಲ್ಲ ತಂಗೀ. ಕೌದಿಯನ್ನೂ ಕುಂಚಿಗೆಯನ್ನೂ ಇವತ್ತೇ ರಾತ್ರಿ ತೆಗೆಯಲಿ ಅಂತ ಹೇಳುತ್ತಿದ್ದೇನೆ.

ಹುಟ್ಟಿದಾಗ ತೂಕ ಎಷ್ಟಿತ್ತು? ಹಾಲು ಕುಡಿಯುವಾಗಲೂ ಬೆವರುತ್ತಾಳಾ, ನಡುನಡುವೆ ದಣಿದು ಬಿಟ್ಟುಬಿಡುತ್ತಾಳಾ? ಅದು ಬೇರೆ ವಿಷಯ, ಹಾಗಿದ್ದರೆ ಮಕ್ಕಳ ಡಾಕ್ಟರಿಗೆ ಹೃದಯ ಪರೀಕ್ಷೆ ಮಾಡಲು ಹೇಳಬೇಕಾಗುತ್ತದೆ.

ಶಹಾಪುರದ ಮಗಳು, ಬೆಳಗಾವಿ

ಸಿಸ್ಟರ್, 2.9 ಕಿಲೋ ಇದ್ದಳು, ಈಗ 4.8. ಹಾಲು ಚೆನ್ನಾಗಿ ಕುಡಿಯುತ್ತಾಳೆ, ಆಗ ಬೆವರು ಇಲ್ಲ. ಸುತ್ತಿ ಮಲಗಿಸಿದಾಗ ಮಾತ್ರ. ಈಗಲೇ ಹೋಗಿ ಕುತ್ತಿಗೆ ಮುಟ್ಟಿ ನೋಡಿದೆ, ಬಿಸಿ, ಅಂಟು. ಸ್ವೆಟರ್ ತೆಗೆದೆ. ಹಾಗಾದರೆ ಸರಿಯಾಗಿ ಎಷ್ಟು ಬಟ್ಟೆ ಹಾಕಲಿ?

ವಾರ್ಡ್ ಸಿಸ್ಟರ್, ಹುಕ್ಕೇರಿ ತಾಲೂಕು

ನಿಮಗೆ ಆ ಕೋಣೆಯಲ್ಲಿ ಆರಾಮಾಗಿ ಮಲಗಲು ಎಷ್ಟು ಬೇಕೋ, ಮಗುವಿಗೆ ಅದಕ್ಕಿಂತ ಒಂದೇ ಪದರ ಜಾಸ್ತಿ. ಇಲ್ಲಿ "ನಿಮಗೆ" ಅಂದರೆ ಆರೋಗ್ಯವಾಗಿರುವ ದೊಡ್ಡವರಿಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿಯ ಲೆಕ್ಕ ಅಲ್ಲ. ನಿಮ್ಮ ತಮ್ಮನೋ, ಅಪ್ಪನೋ ಪಕ್ಕದ ಕೋಣೆಯಲ್ಲಿ ಬನಿಯನ್ ಹಾಕಿ, ಒಂದು ಚಾದರ ಹೊದ್ದು ಮಲಗಿದ್ದರೆ ಮಗುವಿಗೆ ಝಬಲಾ, ತುಂಬು ತೋಳಿನ ಹತ್ತಿ ಅಂಗಿ, ಕಾಲಿಗೆ ಪೈಜಾಮಾ, ಮೇಲೆ ತೆಳು ಹತ್ತಿಬಟ್ಟೆಯ ಒಂದು ಸುತ್ತು ಸಾಕು. ಮಲಗಿ ಅರ್ಧ ಗಂಟೆಯಾದ ಮೇಲೆ ಒಮ್ಮೆ ಕುತ್ತಿಗೆ ಮುಟ್ಟಿ. ಬೆಳಗಿನ ಜಾವ ಹಾಲಿಗೆ ಎದ್ದಾಗ ಮತ್ತೊಮ್ಮೆ, ಬೆಳಗಾವಿಯಲ್ಲಿ ಚಳಿ ಏರುವುದು ಆಗಲೇ.

ಗುಳೇದಗುಡ್ಡದ ಅಜ್ಜಿ

ನಾನು ಐದು ಮಕ್ಕಳನ್ನು, ಒಂಬತ್ತು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ಕುಂಚಿಗೆ ಬೇಡ ಅಂದದ್ದು ಓದಿ ಮೊದಲು ಸಿಟ್ಟು ಬಂತು. ನಮ್ಮೂರ ಖಣ ಇಲ್ಲದೆ ಕುಂಚಿಗೆ ಇಲ್ಲ, ಕುಂಚಿಗೆ ಇಲ್ಲದೆ ತೊಟ್ಟಿಲ ಕಾರ್ಯ ಇಲ್ಲ. ಆಮೇಲೆ ಕೂತು ನೆನಪು ಮಾಡಿಕೊಂಡೆ.

ನಮ್ಮ ಅತ್ತೆ ಕುಂಚಿಗೆ ಹಾಕುತ್ತಿದ್ದದ್ದು ಯಾವಾಗ? ಎಣ್ಣೆ ಹಚ್ಚಿ ಎರೆದ ಮೇಲೆ, ತಲೆ ಒಣಗುವ ತನಕ. ಗುಡಿಗೆ ಹೋಗುವಾಗ, ಬಸ್ಸಿನಲ್ಲಿ, ಹೊಲಕ್ಕೆ ಹೋಗುವಾಗ ಗಾಳಿ ಕಿವಿಗೆ ಹೊಡೆಯಬಾರದು ಅಂತ. ಕುಂಚಿಗೆಯ ಹಿಂದಿನ ಸೆರಗು ಬೆನ್ನ ತನಕ ಇಳಿಯುವುದು ಕೂಡ ಅದಕ್ಕೇ, ಮಗು ಹೆಗಲ ಮೇಲೆ ಇದ್ದಾಗ ಬೆನ್ನಿಗೆ ಗಾಳಿ ತಾಗದ ಹಾಗೆ. ಮಲಗಿದ ಮಗುವಿನ ಬೆನ್ನ ಕೆಳಗೆ ಅದು ಮುದ್ದೆಯಾಗುತ್ತದೆ, ಗದ್ದದ ಕೆಳಗಿನ ಕಸೆ ಎಳೆಯುತ್ತದೆ. ತೊಟ್ಟಿಲಲ್ಲಿ ಹಾಕುವ ಮುಂಚೆ ಅತ್ತೆ ಕಸೆ ಬಿಚ್ಚುತ್ತಿದ್ದರು. ಅದನ್ನು ನಾನು ಮರೆತಿದ್ದೆ, ಸುಳ್ಳು ಯಾಕೆ ಹೇಳಲಿ.

ಮತ್ತೆ ಆಗಿನ ಮನೆ ಬೇರೆ. ಮಣ್ಣಿನ ಮಾಳಿಗೆ, ಮೇಲೆ ಬೆಳಕಿಂಡಿ, ನಡುಮನೆಯಲ್ಲಿ ತೊಟ್ಟಿಲು, ರಾತ್ರಿಯಿಡೀ ಯಾರಾದರೂ ಒಬ್ಬರು ಎದ್ದೇ ಇರುತ್ತಿದ್ದರು. ಈಗ ಆರ್‌ಸಿಸಿ ಮನೆ, ಕಿಟಕಿಗೆ ಗಾಜು, ಒಂದೇ ಕೋಣೆಯಲ್ಲಿ ಮೂರು ಜನ ಬಾಗಿಲು ಹಾಕಿಕೊಂಡು ಮಲಗುತ್ತೀರಿ. ಅಷ್ಟೇ ಬಟ್ಟೆ ಈ ಕೋಣೆಗೆ ಹೆಚ್ಚಾಗುತ್ತದೆ.

ಕೌದಿ ಮಾತ್ರ ಬಿಸಾಡಬೇಡವ್ವಾ. ಹೊದಿಸಬೇಡ, ಕೆಳಗೆ ಹಾಸು. ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ತೆಳು ಕೌದಿ ಒಂದೇ ಪದರ, ಸುಕ್ಕಿಲ್ಲದೆ, ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ ಬಿಡು. ಕೆಳಗಿನ ತಂಪೂ ಏರುವುದಿಲ್ಲ.

ಶಹಾಪುರದ ಮಗಳು, ಬೆಳಗಾವಿ

ಅಜ್ಜಿ, ನಿಮ್ಮ ಮಾತನ್ನು ಅವ್ವನಿಗೆ ಓದಿ ಹೇಳುತ್ತೇನೆ. ನನ್ನ ಮಾತಿಗಿಂತ ನಿಮ್ಮ ಮಾತು ಅವರಿಗೆ ಬೇಗ ತಾಗುತ್ತದೆ.

ವಿಜಯಪುರ ಅಮ್ಮ

ಬೆಳಗಾವಿ ಅಕ್ಕಾ, ನಿಮ್ಮದು ಮಳೆಯ ಕಷ್ಟ, ನಮ್ಮದು ಬೇಸಿಗೆಯದು. ನನ್ನ ಮಗ ಏಪ್ರಿಲ್‌ನಲ್ಲಿ ಹುಟ್ಟಿದ. ವಿಜಯಪುರದಲ್ಲಿ ಆಗ ಹಗಲು 40 ಡಿಗ್ರಿ ದಾಟುತ್ತದೆ, ಕಾದ ಸ್ಲ್ಯಾಬ್ ರಾತ್ರಿ ಹನ್ನೆರಡಾದರೂ ತಣಿಯುವುದಿಲ್ಲ. ಅಂಥದ್ದರಲ್ಲೂ ಟೋಪಿ, ಸಾಕ್ಸ್. "ಬಾಣಂತಿ ಕೋಣೆಗೆ ಫ್ಯಾನ್ ಹಾಕಬಾರದು" ಅಂತ ಬೇರೆ. ಹದಿನೈದನೇ ದಿನಕ್ಕೆ ಬೆನ್ನು, ಕುತ್ತಿಗೆ, ಕಂಕುಳ ತುಂಬ ಬೆವರುಸಾಲೆ. ಪೌಡರ್ ಸುರಿದೆವು, ಬೆವರಿಗೆ ಅದು ಕಲಸಿ ಮುದ್ದೆಯಾಗಿ ಇನ್ನೂ ಕೆಂಪಾಯಿತು. ಮಕ್ಕಳ ಡಾಕ್ಟರ್ ಪೌಡರ್ ನಿಲ್ಲಿಸಿ ಅಂದರು, ಅದರ ಧೂಳು ಮಗುವಿನ ಉಸಿರಿನಲ್ಲಿ ಹೋಗುತ್ತದಂತೆ. ಎರಡು ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಗಾಳಿಗೆ ಬಿಡಿ ಅಂದರು. ನಾಲ್ಕು ದಿನಕ್ಕೆ ಇಳಿಯಿತು.

ಆಮೇಲೆ ಇಡೀ ಬೇಸಿಗೆ ರಾತ್ರಿ ಅವನಿಗೆ ಒಂದು ಲಂಗೋಟಿ, ಒಂದು ತೋಳಿಲ್ಲದ ಮಲ್ ಬಟ್ಟೆಯ ಝಬಲಾ, ಮುಗಿಯಿತು. ಕರೆಂಟ್ ಹೋದ ರಾತ್ರಿ ಅದೂ ಇಲ್ಲ, ಬರೀ ಲಂಗೋಟಿ. ಫ್ಯಾನ್ ಹಾಕಿದೆವು, ಗಾಳಿ ಕೋಣೆಯಲ್ಲಿ ಆಡಬೇಕು, ನೇರ ಮುಖಕ್ಕೆ ಬಡಿಯಬಾರದು ಅಷ್ಟೇ. ಎಸಿ ಇರುವವರು 25, 26ರಲ್ಲಿ ಇಟ್ಟು ತೆಳು ತುಂಬು ತೋಳಿನ ಅಂಗಿ ಹಾಕಿ. ಎಸಿ 20ಕ್ಕೆ ಇಳಿಸಿ ಮೇಲೆ ರಗ್ಗು ಹೊದಿಸುವುದು ಎರಡು ಕಡೆಯಿಂದಲೂ ತಪ್ಪು.

ಸೊಳ್ಳೆ ಇದೆ ಅಂತ ಮೈತುಂಬ ದಪ್ಪ ಬಟ್ಟೆ ಹಾಕುವವರಿದ್ದಾರೆ. ಅದಕ್ಕಿಂತ ಪರದೆ ಒಳ್ಳೆಯದು. ಕೊಡೆಯ ಹಾಗೆ ಬಿಚ್ಚುವ ಪರದೆ ಸಿಗುತ್ತದಲ್ವಾ, ಅದರ ಅಂಚು ಮಗುವಿನ ಮುಖಕ್ಕೆ ತಾಗದ ಅಳತೆಯದ್ದು ನೋಡಿ ತನ್ನಿ.

ಗೋಕಾಕದ ಅಪ್ಪ

ಬಟ್ಟೆ ಎಷ್ಟು ಅನ್ನುವುದರ ಜೊತೆಗೆ ಬಟ್ಟೆಯ ಒಳಗೆ ಏನಿದೆ ಅಂತಲೂ ನೋಡಿ. ನಮ್ಮ ಮನೆಯಲ್ಲಿ ಆದದ್ದು ಹೇಳಿಬಿಡುತ್ತೇನೆ.

ಮಗನಿಗೆ ಆಗ ಎರಡೂವರೆ ತಿಂಗಳು. ಒಂದು ರಾತ್ರಿ ಹತ್ತಕ್ಕೆ ಶುರುವಾದ ಅಳು ನಿಲ್ಲಲೇ ಇಲ್ಲ. ಹೊಟ್ಟೆನೋವು ಅಂತ ಓಂಕಾಳು ನೀರು ಕೊಡೋಣ ಅಂದರು, ದೃಷ್ಟಿ ತೆಗೆದರು, ನಾನು ಹೆಗಲ ಮೇಲೆ ಹಾಕಿಕೊಂಡು ಎರಡು ಗಂಟೆ ಅಂಗಳದಲ್ಲಿ ತಿರುಗಿದೆ. ಒಂದು ಗಂಟೆಗೆ ಹೆಂಡತಿ ಬಟ್ಟೆ ಬದಲಿಸೋಣ ಅಂತ ಸಾಕ್ಸ್ ತೆಗೆದಳು. ಎಡಗಾಲಿನ ಮೂರನೇ ಬೆರಳು ಕೆಂಪಾಗಿ ಊದಿತ್ತು. ಮೊಬೈಲ್ ಬೆಳಕು ಹಿಡಿದು ನೋಡಿದರೆ ಸಾಕ್ಸ್ ಒಳಗಿನ ಒಂದು ಎಳೆ ದಾರ ಬೆರಳಿಗೆ ಸುತ್ತಿಕೊಂಡು ಚರ್ಮದಲ್ಲಿ ಹೂತು ಹೋಗಿತ್ತು. ಬೈಕಿನಲ್ಲಿ ಹೋದೆವು, ಡ್ಯೂಟಿ ಡಾಕ್ಟರ್ ಸಣ್ಣ ಕತ್ತರಿಯಿಂದ ಬಿಡಿಸಿದರು. ಬೆರಳು ಉಳಿಯಿತು. ತಾಯಿಯ ಉದುರಿದ ಕೂದಲಿನಿಂದಲೂ ಹೀಗಾಗುತ್ತದೆ ಅಂದರು. ಹೆರಿಗೆಯಾಗಿ ಮೂರು ತಿಂಗಳ ಸುಮಾರಿಗೆ ಹೆಂಗಸರಿಗೆ ಕೂದಲು ಜಾಸ್ತಿ ಉದುರುತ್ತದಲ್ವಾ, ಅದು ಬಟ್ಟೆ ಜೊತೆ ಒಗೆದು ಸಾಕ್ಸ್, ಗವಸಿನ ಒಳಗೆ ಸೇರುತ್ತದೆ.

ಅವತ್ತಿನಿಂದ ಯಾವ ಬಟ್ಟೆ ಹಾಕಿದರೂ ಮೊದಲು ಒಳಮಗ್ಗುಲು ತಿರುವಿ, ಕೈಯಾಡಿಸಿ, ಜೋತ ದಾರ ಕತ್ತರಿಸಿಯೇ ಹಾಕುವುದು. ಗವಸು ಬಿಟ್ಟೇಬಿಟ್ಟೆವು. ಮುಖ ಪರಚಿಕೊಳ್ಳುತ್ತದೆ ಅಂದರೆ ಮಗು ಮಲಗಿದ್ದಾಗ ಉಗುರು ಕತ್ತರಿಸಿದರಾಯಿತು. ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದಿದ್ದರೆ ದಯವಿಟ್ಟು ಮೊದಲು ಎಲ್ಲ ಬಟ್ಟೆ ಬಿಚ್ಚಿ, ಹತ್ತು ಕೈಬೆರಳು, ಹತ್ತು ಕಾಲ್ಬೆರಳು, ಗಂಡು ಮಗುವಾದರೆ ಮೂತ್ರದ ಜಾಗ, ಎಲ್ಲ ನೋಡಿ.

ಜಮಖಂಡಿ ಸೊಸೆ

ಅಣ್ಣಾ, ಓದಿ ಕೈ ನಡುಗಿತು. ಈಗಲೇ ನಾಲ್ಕು ಜೊತೆ ಸಾಕ್ಸ್ ತಿರುವಿ ನೋಡಿದೆ. ಎರಡರಲ್ಲಿ ಒಳಗೆ ದಾರದ ಕುಣಿಕೆ ಇದ್ದವು.

ಮುಧೋಳದ ದೊಡ್ಡಮ್ಮ

ನನ್ನದು ಒಂದು ಅನುಮಾನ. ಸುತ್ತದೆ ಮಲಗಿಸಿದರೆ ಕೂಸು ಬೆಚ್ಚಿ ಬೆಚ್ಚಿ ಏಳುತ್ತದೆ, ಎರಡೂ ಕೈ ಮೇಲೆ ಹಾರಿಸುತ್ತದೆ. ಕಾಲು ನೇರ ಆಗಲಿ ಅಂತ ಜೋಡಿಸಿ ಸುತ್ತುತ್ತೇವೆ. ಅದೂ ತಪ್ಪಾ?

ವಾರ್ಡ್ ಸಿಸ್ಟರ್, ಹುಕ್ಕೇರಿ ತಾಲೂಕು

ದೊಡ್ಡಮ್ಮಾ, ಸುತ್ತುವುದು ತಪ್ಪಲ್ಲ, ಸುತ್ತುವ ರೀತಿ ನೋಡಬೇಕು. ಬೆಚ್ಚುವುದು ಆ ವಯಸ್ಸಿನ ಸಹಜ ಗುಣ, ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯ ತನಕ ತೆಳು ಹತ್ತಿಬಟ್ಟೆಯಲ್ಲಿ ಹೆಗಲಿನಿಂದ ಕೆಳಗೆ ಸುತ್ತಿ, ಎದೆಯ ಹತ್ತಿರ ನಿಮ್ಮ ಅಂಗೈ ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಸೊಂಟದಿಂದ ಕೆಳಗೆ ಬಿಗಿ ಬೇಡವೇ ಬೇಡ. ಕಾಲು ನೇರ ಮಾಡಿ ಕಟ್ಟಿದರೆ ತೊಡೆಯ ಕೀಲು ಜಾಗದಿಂದ ಜಾರುವ ಅಪಾಯ ಇದೆ. ಕೂಸಿನ ಕಾಲು ಕಪ್ಪೆ ಹಾಗೆ ಮಡಚಿ, ಅಗಲವಾಗಿ ಆಡಬೇಕು. ಅದು ಸೊಟ್ಟ ಅಲ್ಲ, ಆ ವಯಸ್ಸಿನ ಸರಿಯಾದ ಆಕಾರವೇ ಅದು.

ಸುತ್ತಿದ ಮಗುವನ್ನು ಅಂಗಾತವೇ ಮಲಗಿಸಬೇಕು. ಮಗ್ಗುಲಾಗಲು, ಬೋರಲಾಗಲು ಪ್ರಯತ್ನ ಶುರು ಮಾಡಿದ ದಿನವೇ ಸುತ್ತುವುದು ನಿಲ್ಲಿಸಿ, ಕೆಲವರು ಮೂರು ತಿಂಗಳಿಗೇ ಶುರು ಮಾಡುತ್ತಾರೆ. ಕೈ ಕಟ್ಟಿದ್ದಾಗ ಬೋರಲು ಬಿದ್ದರೆ ಮುಖ ಎತ್ತಲು ಆಗುವುದಿಲ್ಲ. ಮತ್ತೆ, ಸುತ್ತಿದ ಬಟ್ಟೆಯೂ ಒಂದು ಪದರ ಅಂತ ಲೆಕ್ಕ ಹಿಡಿಯಿರಿ.

ಇಳಕಲ್ ಹೊಲಿಗೆ ಅಕ್ಕ

ಸುತ್ತುವುದು ನಿಲ್ಲಿಸಿದ ಮೇಲೆ ಏನು ಅಂತ ಕೇಳುವವರಿಗೆ. ಪೇಟೆಯಲ್ಲಿ ಮಗುವಿನ ಸ್ಲೀಪಿಂಗ್ ಬ್ಯಾಗ್ ಅಂತ ಸಿಗುತ್ತದೆ, ತೋಳಿಲ್ಲದ ಚೀಲದಂಥ ಅಂಗಿ. ಒಳಗೆ ಅಂಗಿ ಹಾಕಿ ಮೇಲೆ ಇದನ್ನು ತೊಡಿಸಿದರೆ ಹೊದಿಕೆಯೇ ಬೇಡ, ಒದ್ದು ತೆಗೆಯುವ ಹಾಗಿಲ್ಲ, ಮುಖದ ಮೇಲೆ ಬರುವ ಹಾಗಿಲ್ಲ. ಅದರ ಮೇಲೆ ಟಾಗ್ ಅಂತ ಒಂದು ಅಂಕಿ ಇರುತ್ತದೆ, ಎಷ್ಟು ಬೆಚ್ಚಗೆ ಇಡುತ್ತದೆ ಅನ್ನುವ ಅಳತೆ. 2.5 ಅಂದರೆ 16ರಿಂದ 20 ಡಿಗ್ರಿಯ ಕೋಣೆಗೆ, 1 ಅಂದರೆ ಸುಮಾರು 20ರಿಂದ 24ಕ್ಕೆ, 0.5 ಅಂದರೆ ಅದಕ್ಕಿಂತ ಬೆಚ್ಚಗಿನ ಕೋಣೆಗೆ. ನಮ್ಮ ಬಾಗಲಕೋಟೆ, ವಿಜಯಪುರ ಕಡೆಗೆ 2.5ರದ್ದು ತಂದರೆ ದುಡ್ಡು ದಂಡ, ಮಗುವಿಗೂ ಹಿಂಸೆ.

ನಾನು ಹಳೇ ಸೀರೆಯಲ್ಲೇ ಹೊಲಿದು ಕೊಡುತ್ತೇನೆ. ಇಳಕಲ್ ಸೀರೆಯ ಒಡಲು ಹತ್ತಿಯದ್ದಾಗಿದ್ದರೆ ಅದಕ್ಕಿಂತ ಮೆತ್ತನೆ ಬಟ್ಟೆ ಇಲ್ಲ, ಹತ್ತು ವರ್ಷ ಒಗೆದು ಒಗೆದು ಬೆಣ್ಣೆ ಆಗಿರುತ್ತದೆ. ಸೆರಗಿನ ರೇಷ್ಮೆ ಭಾಗ ಕತ್ತರಿಸಿ ತೆಗೆಯಿರಿ. ಒಡಲು ಕೃತಕ ರೇಷ್ಮೆ ಇದ್ದರೆ ಮುಟ್ಟಬೇಡಿ, ಬೆವರು ಹೀರುವುದಿಲ್ಲ. ಅಳತೆ ಹೀಗೆ. ಹೆಗಲಿನಿಂದ ಹಿಮ್ಮಡಿ ತನಕ ಹಿಡಿದು, ಅದರ ಮೇಲೆ ಅರ್ಧ ಗೇಣು ಬಿಡಿ. ಕೆಳಗೆ ಗಂಟೆಯ ಹಾಗೆ ಅಗಲ, ಕಾಲು ಆಡಲಿಕ್ಕೆ. ಕುತ್ತಿಗೆ ಮಾತ್ರ ಹದ ನೋಡಿ, ಬೆರಳು ಹೋಗಬೇಕು, ತಲೆ ಒಳಗೆ ಜಾರಬಾರದು. ತೋಳಿನ ಕಂಡಿ ಕೂಡ ಅಷ್ಟೇ. "ಬೆಳೆಯುತ್ತದೆ, ದೊಡ್ಡದೇ ಹೊಲಿ" ಅಂತ ಎಲ್ಲರೂ ಹೇಳುತ್ತಾರೆ, ಉದ್ದ ದೊಡ್ಡದು ಮಾಡಿಕೊಡುತ್ತೇನೆ, ಕುತ್ತಿಗೆ ದೊಡ್ಡದು ಮಾಡುವುದಿಲ್ಲ. ಹೆಗಲಿಗೆ ಟಿಚ್ ಬಟನ್, ಎಳೆದು ನೋಡಿ ಗಟ್ಟಿ ಇದೆ ಅಂತ ಖಾತ್ರಿ ಆದ ಮೇಲೇ ಕೊಡುವುದು. ಲೇಸು, ಕಸೆ, ಮಣಿ, ಟೋಪಿ ಏನೂ ಇಲ್ಲ. ಬೆಳಗಾವಿ ಮಳೆಗೆ ಎರಡು ಪದರ, ನಮ್ಮ ಕಡೆ ಒಂದೇ ಪದರ ಸಾಕು.

ಅಥಣಿ ಓದುಗ

ಹಳೇ ಬಟ್ಟೆ ಅಂದದ್ದಕ್ಕೆ ಸೇರಿಸುತ್ತೇನೆ. ಟ್ರಂಕಿನಿಂದ ತೆಗೆದ ಕುಂಚಿಗೆ, ಸ್ವೆಟರ್, ಕೌದಿಗೆ ಡಾಂಬರ ಗುಳಿಗೆಯ ವಾಸನೆ ಇದ್ದರೆ ಹಾಗೇ ಹಾಕಬೇಡಿ. ಕೆಲವು ಮಕ್ಕಳ ರಕ್ತದಲ್ಲಿ ಜಿ6ಪಿಡಿ ಅನ್ನುವ ಅಂಶ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥ ಮಗುವಿಗೆ ಆ ಗುಳಿಗೆಯ ಘಾಟಿನಿಂದಲೇ ರಕ್ತಕಣ ಒಡೆದು ಜೋರು ಕಾಮಾಲೆ ಬರಬಹುದು. ಯಾವ ಮಗುವಿಗೆ ಇದೆ ಅಂತ ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. ಮಗುವಿನ ಬಟ್ಟೆಯ ಹತ್ತಿರ ಆ ಗುಳಿಗೆ ಇಡಲೇಬೇಡಿ, ಒಣ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡಿ. ವಾಸನೆ ಹಿಡಿದದ್ದನ್ನು ಎರಡು ಮೂರು ಸಲ ಒಗೆದು ಬಿಸಿಲಿಗೆ ಹಾಕಿ, ಮೂಗಿಗೆ ಏನೂ ತಾಗದಂತಾದ ಮೇಲೆ ಹಾಕಿ.

ಶಹಾಪುರದ ಮಗಳು, ಬೆಳಗಾವಿ

ಬಿಸಿಲೇ ಇಲ್ಲವಲ್ಲ ಅಣ್ಣಾ ಇಲ್ಲಿ! ಬಟ್ಟೆ ಒಣಗಿಸಲು ಅವ್ವ ಮಗುವಿನ ಕೋಣೆಯಲ್ಲೇ ಶೇಗಡಿ ಇಡುತ್ತಾರೆ. ಅದರ ಮೇಲೆ ಬುಟ್ಟಿ ಬೋರಲು ಹಾಕಿ ಬಟ್ಟೆ ಹರಡಿ, ಲೋಬಾನ ಹಾಕುತ್ತಾರೆ. ಬಟ್ಟೆ ಬೆಚ್ಚಗೆ, ಒಳ್ಳೆ ವಾಸನೆ ಬರುತ್ತದೆ. ಅದಾದರೂ ಸರಿ ಅಲ್ವಾ?

ವಾರ್ಡ್ ಸಿಸ್ಟರ್, ಹುಕ್ಕೇರಿ ತಾಲೂಕು

ಶೇಗಡಿ ಕೋಣೆಯಿಂದ ಹೊರಗೆ ತೆಗೆಯಿರಿ, ಇವತ್ತೇ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಲೋಬಾನದ ಹೊಗೆಯೂ ಎಳೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಬಟ್ಟೆಯನ್ನು ಬೇರೆ ಕೋಣೆಯಲ್ಲಿ ಫ್ಯಾನ್ ಕೆಳಗೆ ಹಗ್ಗಕ್ಕೆ ಹಾಕಿ, ಕೊನೆಗೆ ಇಸ್ತ್ರಿ ಮಾಡಿ. ಬಿಸಿ ಇಸ್ತ್ರಿಯಲ್ಲಿ ಉಳಿದ ಹಸಿ ಹೋಗುತ್ತದೆ, ಆರಿದ ಮೇಲೆ ಹಾಕಿ. ಹಸಿ ಬಟ್ಟೆ ಒಂದು ಇದ್ದರೂ ಮೂರು ಒಣ ಬಟ್ಟೆಯ ಬೆಚ್ಚಗೆ ಹೋಗುತ್ತದೆ, ಅದಕ್ಕೇ ರಾತ್ರಿ ಲಂಗೋಟಿ ಒದ್ದೆಯಾದ ತಕ್ಷಣ ಬದಲಿಸುವುದು ಸ್ವೆಟರ್‌ಗಿಂತ ಮುಖ್ಯ.

ಇನ್ನೊಂದು, ಮಗುವಿಗೆ ಹತ್ತು ವಾರ ಆಯಿತಲ್ಲ, ಎರಡನೇ ಸುತ್ತಿನ ಲಸಿಕೆ ಈಗಲೇ ಬರುತ್ತದೆ. ಆ ರಾತ್ರಿ ಸ್ವಲ್ಪ ಜ್ವರ ಬರಬಹುದು. ಜ್ವರ ಅಂತ ಇನ್ನೂ ಹೊದಿಸಬೇಡಿ, ಒಂದೇ ತೆಳು ಅಂಗಿ ಹಾಕಿ, ಹಾಲು ಮತ್ತೆ ಮತ್ತೆ ಕೊಡಿ. ಔಷಧಿ ಲಸಿಕೆ ಹಾಕಿದವರು ತೂಕ ನೋಡಿ ಹೇಳಿದಷ್ಟೇ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ತಿಳಿಸಿ.

ವಿಜಯಪುರ ಅಮ್ಮ

ಕೊರಳಿನದ್ದು ಯಾರೂ ಹೇಳಲಿಲ್ಲ. ಕರಿದಾರ, ತಾಯ್ತ, ಬಜೆ ಪೋಣಿಸಿದ ಸರ, ಎಲ್ಲವನ್ನೂ ರಾತ್ರಿ ಕೊರಳಿಂದ ತೆಗೆದಿಡಿ. ಮಗು ಹೊರಳಿದಾಗ ಬಿಗಿಯುತ್ತದೆ. ನಮ್ಮ ಅತ್ತೆಗೆ ಬೇಸರವಾಗಬಾರದು ಅಂತ ತಾಯ್ತವನ್ನು ಬಾಗಿಲ ಮೇಲಿನ ಮೊಳೆಗೆ ಕಟ್ಟಿದೆವು, ಅವರೂ ಒಪ್ಪಿದರು. ಅಂಗಿಗೆ ಪಿನ್ನು ಚುಚ್ಚುವುದೂ ಬೇಡ.

ಶಹಾಪುರದ ಮಗಳು, ಬೆಳಗಾವಿ (ಆರು ದಿನದ ನಂತರ)

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಮೊದಲ ರಾತ್ರಿ ಅವ್ವ ಒಪ್ಪಲಿಲ್ಲ. ಗುಳೇದಗುಡ್ಡದ ಅಜ್ಜಿಯ ಮಾತು ಓದಿದೆ, ಸುಮ್ಮನೆ ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಎರಡನೇ ರಾತ್ರಿ ಮಗು ಎದ್ದಾಗ ಅವ್ವನ ಕೈ ಹಿಡಿದು ಮಗುವಿನ ಕುತ್ತಿಗೆಯ ಹಿಂದೆ ಇಟ್ಟೆ. ಒಂದು ಕ್ಷಣ ಹಾಗೇ ಇಟ್ಟುಕೊಂಡು, "ಅಯ್ಯ, ಕೂಸು ಕುದ್ದಾಂಗ ಆಗೇದಲ್ಲ" ಅಂದು ತಾವೇ ಕುಂಚಿಗೆಯ ಕಸೆ ಬಿಚ್ಚಿದರು.

ಈಗ ಝಬಲಾ, ಒಂದು ತುಂಬು ತೋಳಿನ ಹತ್ತಿ ಅಂಗಿ, ಪೈಜಾಮಾ, ಧೋತರದ ಸಡಿಲ ಸುತ್ತು. ಕೌದಿ ಕೆಳಗೆ. ಕಿಟಕಿ ಒಂದು ಬೆರಳಷ್ಟು ತೆರೆದಿರುತ್ತದೆ. ಹಾಲಿಗೆ ಇನ್ನೂ ಏಳುತ್ತಾಳೆ, ಆದರೆ ಕುಡಿದು ಮಲಗುತ್ತಾಳೆ, ಆ ಒಂದೂವರೆಯ ಚೀರಾಟ ಇಲ್ಲ. ಗುಳ್ಳೆ ಒಣಗಿವೆ. ಶೇಗಡಿ ಹಿತ್ತಲಿಗೆ ಹೋಯಿತು. ಎರೆದ ಮೇಲೆ ಮುಂಜಾನೆ ಹತ್ತು ನಿಮಿಷ ಕುಂಚಿಗೆ ಹಾಕಿ, ಅವ್ವ ಎತ್ತಿಕೊಂಡು ಬಾಗಿಲಲ್ಲಿ ಕೂರುತ್ತಾರೆ, ಗಲ್ಲಿಯವರೆಲ್ಲ ನೋಡಿ ಹೋಗುತ್ತಾರೆ.

ಇಳಕಲ್ ಅಕ್ಕಾ, ಮಗಳು ನಿನ್ನೆ ಮಗ್ಗುಲಿಗೆ ತಿರುಗಲು ನೋಡುತ್ತಿದ್ದಳು, ಎರಡು ಪದರದ್ದು ಒಂದು ಹೊಲಿದು ಕೊಡುತ್ತೀರಾ? ಹೆಗಲಿನಿಂದ ಹಿಮ್ಮಡಿಗೆ ಹದಿನೇಳು ಇಂಚು ಇದ್ದಾಳೆ. ಸೀರೆ ನಮ್ಮ ಅಜ್ಜಿಯದು, ಹತ್ತಿಯದೇ.

ಇಳಕಲ್ ಹೊಲಿಗೆ ಅಕ್ಕ

ಖಂಡಿತ ತಂಗೀ. ತಿರುಗಲು ನೋಡುತ್ತಿದ್ದಾಳೆ ಅಂದರೆ ಇವತ್ತಿನಿಂದಲೇ ಸುತ್ತುವುದು ನಿಲ್ಲಿಸು, ನನ್ನ ಚೀಲ ಬರುವ ತನಕ ಇನ್ನೊಂದು ಹತ್ತಿ ಅಂಗಿ ಹಾಕು ಸಾಕು. ಕೊರಳಿನ ಸುತ್ತಳತೆ, ಎದೆಯ ಸುತ್ತಳತೆ ದಾರ ಹಿಡಿದು ನೋಡಿ ಕಳಿಸು. ಸೀರೆ ಒಗೆದು ಕಳಿಸು, ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ನೋಡಿಯೇ ಕತ್ತರಿ ಹಾಕುತ್ತೇನೆ.